ನಮ್ಮ ಮನೆಗೊಂದು ಪರದೆ

ಹೊಸ ಮನೆ ಕಟ್ಟಿದ್ದೀರಾ? ಕಟ್ಟಬೇಕು ಅಂತ ಇದ್ದೀರಾ? ಹಾಗಾದರೆ ಈ ಪಾಠ ನಿಮಗಾಗಿ. ಓದುವ ಮೊದಲು ಒಂದು ಟೇಪು, ಒಂದು ಪೆನ್ಸಿಲ್, ಒಂದು ಹಾಳೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಓದುತ್ತಾ ಹೋಗಿ. ಅಳೆಯುತ್ತಾ ಹೋಗಿ.

ಮುಚ್ಚಿದ ಕಿಟಕಿ

ನಾನು ಶಾಲೆಯಲ್ಲಿ ಟೀಚರ್. ಸಂಜೆ ಹೊತ್ತು ನಮ್ಮೂರಿನ ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿಸುತ್ತೇನೆ. ನಮ್ಮೂರು ಇರುವುದು ಹುಣಸೂರು ತಾಲ್ಲೂಕಿನಲ್ಲಿ. ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಕೂಲಿ ಮಾಡಿ ಬದುಕುವವರು. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಮುರಿಯಲು, ಕಟ್ಟಲು ಹೋಗುತ್ತಾರೆ. ಅವರಿಗೆ ಬಸವ ವಸತಿ ಯೋಜನೆಯಲ್ಲಿ ಮನೆ ಮಂಜೂರಾಯಿತು. ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆ ಮನೆ. ಸ್ವಂತ ಮನೆ ಆಯಿತು ಅಂತ ಅಕ್ಕನಿಗೆ ತುಂಬಾ ಖುಷಿ.

ಮನೆಗೆ ಹೋದ ಮೇಲೆ ಅಕ್ಕ ನಾಲ್ಕು ದಿನ ಪಾಠಕ್ಕೆ ಬರಲಿಲ್ಲ. ಭಾನುವಾರ ನಾನೇ ಅವರ ಮನೆಗೆ ಹೋದೆ. ನಡು ಮಧ್ಯಾಹ್ನ. ಹೊರಗೆ ಸುಡು ಬಿಸಿಲು. ಆದರೆ ಮನೆಯೊಳಗೆ ಕತ್ತಲೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಒಲೆಯ ಹೊಗೆ ಒಳಗೇ ಸುತ್ತುತ್ತಿತ್ತು. ಅಕ್ಕನ ಅತ್ತೆ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದರು. ಒಂಬತ್ತನೇ ಕ್ಲಾಸಿನ ಮಗಳು ಬಲ್ಬಿನ ಕೆಳಗೆ ಕೂತು ಓದುತ್ತಿದ್ದಳು.

"ಯಾಕಕ್ಕ, ಹಗಲು ಹೊತ್ತಲ್ಲೂ ಕಿಟಕಿ ಮುಚ್ಚಿದ್ದೀರಿ?" ಅಂತ ಕೇಳಿದೆ.

"ಏನ್ ಮಾಡೋದು ಟೀಚರಮ್ಮ? ರಸ್ತೆ ಕಡೆ ಕಿಟಕಿ. ತೆಗೆದರೆ ಹೋಗೋರು ಬರೋರೆಲ್ಲ ಒಳಗೇ ನೋಡ್ತಾರೆ. ಎದುರು ಕಟ್ಟೆ ಮೇಲೆ ಯಾವಾಗಲೂ ಹುಡುಗರು ಕೂತಿರ್ತಾರೆ. ಬೆಳೆದ ಮಗಳು ಇದಾಳೆ. ಬಟ್ಟೆ ಬದಲಾಯಿಸೋಕೂ ಕಷ್ಟ. ಅದಕ್ಕೇ ಮುಚ್ಚಿಬಿಟ್ಟಿದ್ದೀನಿ."

"ಒಂದು ಪರದೆ ಹಾಕಬಹುದಲ್ಲ?"

ಅಕ್ಕನ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರು ನಕ್ಕುಬಿಟ್ಟರು. "ಪರದೆ ಎಲ್ಲ ದೊಡ್ಡೋರ ಮನೆಗೆ ಟೀಚರಮ್ಮ. ನಮಗ್ಯಾಕೆ ಆ ಶೋಕಿ?"

ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಶೋಕಿಗೆ ಕೇಳ್ತಿಲ್ಲ ಅಪ್ಪಾ. ನನಗೆ ಬೆಳಕು ಬೇಕು" ಅಂದಳು.

ಯಜಮಾನರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಆಯ್ತು, ಬರೋ ಸಂತೆಗೆ ತಂದರಾಯ್ತು" ಅಂದರು.

ಹಿಂದೆ ಯಾಕೆ ಪರದೆ ಇರಲಿಲ್ಲ?

ನಮ್ಮ ಅಜ್ಜ ಅಜ್ಜಿಯ ಕಾಲದಲ್ಲಿ ಕಿಟಕಿಗೆ ಪರದೆ ಹಾಕುವುದು ಅಪರೂಪ. ಅದಕ್ಕೆ ಕಾರಣ ಇದೆ. ನಮ್ಮ ಕಡೆಯ ತೊಟ್ಟಿ ಮನೆ ನೋಡಿದ್ದೀರಾ? ಅದರ ನಡುವೆ ತೊಟ್ಟಿ ಇರುತ್ತದೆ. ಮೇಲೆ ಆಕಾಶ ಕಾಣುತ್ತದೆ. ಬೆಳಕು, ಗಾಳಿ ಅಲ್ಲಿಂದಲೇ ಬರುತ್ತದೆ. ಬೀದಿ ಕಡೆಗೆ ಕಿಟಕಿ ಕಡಿಮೆ. ಇದ್ದರೂ ಚಿಕ್ಕದು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಬಿದಿರ ತಟ್ಟಿಗೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ಆ ಮನೆಗಳಿಗೂ ದೊಡ್ಡ ಕಿಟಕಿ ಇರಲಿಲ್ಲ.

ಈಗಿನ ಮನೆ ಬೇರೆ. ಮೇಲೆ ತಾರಸಿ. ತೊಟ್ಟಿ ಇಲ್ಲ. ಬೆಳಕು, ಗಾಳಿ ಕಿಟಕಿಯಿಂದಲೇ ಬರಬೇಕು. ನಿವೇಶನ ಚಿಕ್ಕದು, ಆದ್ದರಿಂದ ಕಿಟಕಿ ರಸ್ತೆಗೇ ತೆರೆಯುತ್ತದೆ. ಕಿಟಕಿ ಮುಚ್ಚಿದರೆ ಹೊಗೆ ಮತ್ತು ಕತ್ತಲೆ. ತೆರೆದರೆ ಮರೆ ಇಲ್ಲ. ಮರೆಯೂ ಬೇಕು, ಗಾಳಿ ಬೆಳಕೂ ಬೇಕು ಅಂದರೆ ಪರದೆ ಬೇಕು. ಅದು ಬಡವರಿಗೂ ಬೇಕು, ಶ್ರೀಮಂತರಿಗೂ ಬೇಕು.

ಗಾಳಿ ಬೆಳಕು ಆರೋಗ್ಯದ ಮಾತು ಕೂಡ. ಕ್ಷಯ ರೋಗ ಗಾಳಿಯ ಮೂಲಕ ಹರಡುತ್ತದೆ. ಗಾಳಿಯಾಡದ ಕತ್ತಲೆ ಕೋಣೆಯಲ್ಲಿ ಅದರ ರೋಗಾಣು ಹೆಚ್ಚು ಹೊತ್ತು ಉಳಿಯುತ್ತದೆ. ಸೌದೆ ಒಲೆಯ ಹೊಗೆ ಹೆಂಗಸರ, ಮಕ್ಕಳ, ವಯಸ್ಸಾದವರ ಎದೆಗೆ ಕೆಟ್ಟದ್ದು. ಆದ್ದರಿಂದ ಕಿಟಕಿ ಇರುವುದು ತೆರೆಯಲಿಕ್ಕೆ.

ಐದು ಗೇಣಿನ ಕಥೆ

ಸಂತೆಯ ದಿನ ಬಂತು. ಯಜಮಾನರು ಹಜಾರದ ಕಿಟಕಿಯನ್ನು ಗೇಣಿನಲ್ಲಿ ಅಳೆದರು. "ಎತ್ತರ ಸರಿಯಾಗಿ ಐದು ಗೇಣು" ಅಂದರು. ಅಕ್ಕ ಸಂತೆಗೆ ಹೋದರು. ಅಲ್ಲಿ ತುಂಡು ಬಟ್ಟೆ ರಾಶಿ ಹಾಕಿದ್ದರು. ಅಕ್ಕ ತಮ್ಮ ಗೇಣಿನಲ್ಲಿ ಐದು ಗೇಣು ಅಳೆದರು. ಮಡಿಕೆಗೆ ಅಂತ ನಾಲ್ಕು ಬೆರಳು ಹೆಚ್ಚಿಗೆ ಇರುವ ಎರಡು ತುಂಡು ಆರಿಸಿ ತಂದರು. ಅಂಚು ಮಡಿಸಿ ಹೊಲಿಸಿದರು.

ಮನೆಗೆ ತಂದು ಕಟ್ಟಿದರೆ ಏನಾಯಿತು? ಪರದೆ ಮೋಟು! ಕಿಟಕಿಯ ಕೆಳಗೆ ಒಂದು ಅಡಿಯಷ್ಟು ಬಯಲು ಉಳಿಯಿತು.

"ಸಂತೆಯವನು ಮೋಸ ಮಾಡಿದ" ಅಂದರು ಯಜಮಾನರು.

"ನಾನೇ ಅಳೆದು ತಂದೆ. ಅವನು ಹೇಗೆ ಮೋಸ ಮಾಡ್ತಾನೆ?" ಅಂದರು ಅಕ್ಕ.

ಮಾರನೇ ದಿನ ಸಂಜೆ ಅಕ್ಕ ಈ ವಿಷಯ ಕೇಂದ್ರದಲ್ಲಿ ಹೇಳಿದರು. ನಾನು ಟೇಪು ತೆಗೆದೆ. ಅಕ್ಕನ ಗೇಣು ಅಳೆದೆ. 18 ಸೆಂಟಿಮೀಟರ್ ಬಂತು. ಯಜಮಾನರನ್ನೂ ಕರೆಸಿದೆವು. ಅವರ ಗೇಣು 24 ಸೆಂಟಿಮೀಟರ್!

ಈಗ ಲೆಕ್ಕ ನೋಡಿ.

ಯಜಮಾನರ ಐದು ಗೇಣು: 5 × 24 = 120 ಸೆಂಟಿಮೀಟರ್.
ಅಕ್ಕನ ಐದು ಗೇಣು: 5 × 18 = 90 ಸೆಂಟಿಮೀಟರ್.
ವ್ಯತ್ಯಾಸ: 120 − 90 = 30 ಸೆಂಟಿಮೀಟರ್.

ಆ 30 ಸೆಂಟಿಮೀಟರೇ ಕಿಟಕಿಯ ಕೆಳಗೆ ಬಯಲಾಗಿ ಉಳಿದದ್ದು. ಯಾರೂ ಮೋಸ ಮಾಡಿರಲಿಲ್ಲ. ಗೇಣು ಒಬ್ಬೊಬ್ಬರದು ಒಂದೊಂದು ಥರ. ಮೊಳವೂ ಅಷ್ಟೇ. ಟೇಪಿನ ಅಳತೆ ಮಾತ್ರ ಯಾರ ಕೈಯಲ್ಲಿದ್ದರೂ ಒಂದೇ.

ಇದೇ ಕಾರಣಕ್ಕೆ ದೇಶಕ್ಕೆಲ್ಲ ಒಂದೇ ಅಳತೆ ಬಂತು. 1956ರಲ್ಲಿ ಭಾರತ ಸರ್ಕಾರ ತೂಕ ಮತ್ತು ಅಳತೆಯ ಕಾಯಿದೆ ಮಾಡಿತು. ಗಜದ ಜಾಗಕ್ಕೆ ಮೀಟರ್ ಬಂತು. ಸೇರಿನ ಜಾಗಕ್ಕೆ ಕಿಲೋ ಬಂತು. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ. ಅಂಗಡಿಯ ಮೀಟರ್ ಕೋಲಿನ ಮೇಲೆ ಸರ್ಕಾರದ ಮುದ್ರೆ ಇರಬೇಕು. ಬಟ್ಟೆ ಅಳೆಯುವಾಗ ಅದನ್ನು ನೋಡಿ. ರಸೀದಿ ಕೇಳಿ ಪಡೆಯಿರಿ. ಅಳತೆಯಲ್ಲಿ ಮೋಸ ಆದರೆ 1915 ಎಂಬ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು.

ಟೇಪು ಓದುವುದು

ದರ್ಜಿಯ ಟೇಪು ನೋಡಿ. ಸಾಮಾನ್ಯವಾಗಿ ಅದು 150 ಸೆಂಟಿಮೀಟರ್ ಉದ್ದ ಇರುತ್ತದೆ. ಒಂದು ಕಡೆ ಸೆಂಟಿಮೀಟರ್ ಇದೆ. ಇನ್ನೊಂದು ಕಡೆ ಇಂಚು ಇದೆ.

100 ಸೆಂಟಿಮೀಟರ್ = 1 ಮೀಟರ್.
12 ಇಂಚು = 1 ಅಡಿ.
1 ಅಡಿ = ಸುಮಾರು 30 ಸೆಂಟಿಮೀಟರ್.
1 ಗಜ = 3 ಅಡಿ = ಸುಮಾರು 91 ಸೆಂಟಿಮೀಟರ್.

ಬಡಗಿ, ಗಾರೆ ಕೆಲಸದವರು ಅಡಿ, ಇಂಚಿನಲ್ಲಿ ಮಾತಾಡುತ್ತಾರೆ. ಬಟ್ಟೆ ಅಂಗಡಿಯವರು ಮೀಟರಿನಲ್ಲಿ ಕೊಡುತ್ತಾರೆ. ಆದ್ದರಿಂದ ಅಳತೆ ಬರೆಯುವಾಗ ಬರೀ '48' ಅಂತ ಬರೆಯಬೇಡಿ. '48 ಇಂಚು' ಅಂತ ಪೂರ್ತಿ ಬರೆಯಿರಿ. ಇಲ್ಲದಿದ್ದರೆ 48 ಸೆಂಟಿಮೀಟರ್ ಬಟ್ಟೆ ಬಂದೀತು!

ಕಿಟಕಿ ಅಳೆಯುವುದು ಹೇಗೆ?

ಅಕ್ಕನ ಮನೆಯ ಒಳಕೋಣೆಗೂ ಒಂದು ಕಿಟಕಿ ಇದೆ. ಅದು ಪಡುವಣ ದಿಕ್ಕಿಗೆ. ಆ ಕಿಟಕಿಗೆ ಸರಿಯಾಗಿ ಅಳತೆ ತೆಗೆಯೋಣ ಅಂತ ತೀರ್ಮಾನ ಆಯಿತು. ಟೇಪು ಹಿಡಿದವಳು ಮಗಳು. ಹಾಳೆಯಲ್ಲಿ ಬರೆದವರು ಅಕ್ಕ.

ಮೊದಲು ಅಗಲ. ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರು. 90 ಸೆಂಟಿಮೀಟರ್ ಬಂತು. ಪರದೆಯ ಸರಳು ಇದಕ್ಕಿಂತ ಉದ್ದ ಇರಬೇಕು. ಎಡಗಡೆ 15, ಬಲಗಡೆ 15 ಸೆಂಟಿಮೀಟರ್ ಹೆಚ್ಚು ಬೇಕು. ಆಗ ಪರದೆ ಸರಿಸಿದರೆ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ. ಪೂರ್ತಿ ಕಿಟಕಿ ಬಯಲಾಗುತ್ತದೆ. ಬೆಳಕು ಚೆನ್ನಾಗಿ ಬರುತ್ತದೆ.

90 + 15 + 15 = 120 ಸೆಂಟಿಮೀಟರ್. ಇದು ಸರಳಿನ ಉದ್ದ.

ಆಮೇಲೆ ಎತ್ತರ. ಚೌಕಟ್ಟು 120 ಸೆಂಟಿಮೀಟರ್ ಎತ್ತರ ಇತ್ತು. ಸರಳು ಚೌಕಟ್ಟಿಗಿಂತ 10 ಸೆಂಟಿಮೀಟರ್ ಮೇಲೆ ಬರುತ್ತದೆ. ಬಟ್ಟೆ ಚೌಕಟ್ಟಿಗಿಂತ 15 ಸೆಂಟಿಮೀಟರ್ ಕೆಳಗೆ ಇಳಿಯಬೇಕು.

10 + 120 + 15 = 145 ಸೆಂಟಿಮೀಟರ್. ಇದು ಹೊಲಿದು ಮುಗಿಸಿದ ಪರದೆಯ ಉದ್ದ.

ಎರಡೂ ಕಿಟಕಿ ಒಂದೇ ಥರ ಕಾಣುತ್ತವೆ ಅಂತ ಒಂದನ್ನೇ ಅಳೆಯಬೇಡಿ. ಕೈಯಿಂದ ಕಟ್ಟಿದ ಮನೆಯಲ್ಲಿ ಎರಡು ಬೆರಳು ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಪ್ರತಿ ಕಿಟಕಿಯನ್ನೂ ಎರಡು ಸಲ ಅಳೆಯಿರಿ.

ಬಟ್ಟೆಯ ಲೆಕ್ಕ

ಪರದೆ ನೆರಿಗೆ ನೆರಿಗೆಯಾಗಿ ಬೀಳಬೇಕು. ಬಿಗಿಯಾಗಿ ಎಳೆದ ಬಟ್ಟೆಯ ಸಂದಿಯಲ್ಲಿ ಒಳಗೆಲ್ಲ ಕಾಣುತ್ತದೆ. ಅದಕ್ಕೆ ಬಟ್ಟೆಯ ಅಗಲ ಸರಳಿನ ಉದ್ದದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಇರಬೇಕು. ಸರಳು 120 ಸೆಂಟಿಮೀಟರ್. ಅದರ ಎರಡು ಪಟ್ಟು 240. ಬಟ್ಟೆಯ ಪನ್ನ, ಅಂದರೆ ಅಗಲ, 120 ಸೆಂಟಿಮೀಟರ್ ಇದ್ದರೆ ಎರಡು ತುಂಡು ಸಾಕು. ಒಂದು ಎಡಕ್ಕೆ, ಒಂದು ಬಲಕ್ಕೆ.

ಇನ್ನು ಪ್ರತಿ ತುಂಡಿನ ಉದ್ದ. ಮುಗಿಸಿದ ಉದ್ದ 145. ಮೇಲೆ ಸರಳು ತೂರಿಸುವ ಮಡಿಕೆಗೆ 10. ಕೆಳಗಿನ ಮಡಿಕೆಗೆ 10.

145 + 10 + 10 = 165 ಸೆಂಟಿಮೀಟರ್.

ಹೊಸ ಹತ್ತಿ ಬಟ್ಟೆ ಒಗೆದಾಗ ಸ್ವಲ್ಪ ಕುಗ್ಗುತ್ತದೆ. ಅದಕ್ಕೆ ಇನ್ನು 10 ಸೆಂಟಿಮೀಟರ್ ಸೇರಿಸಿ. 175 ಸೆಂಟಿಮೀಟರ್ ಆಯಿತು. ಅಂದರೆ 1 ಮುಕ್ಕಾಲು ಮೀಟರ್. ಎರಡು ತುಂಡಿಗೆ 3 ಮೀಟರ್ 50 ಸೆಂಟಿಮೀಟರ್.

ಮೀಟರಿಗೆ 80 ರೂಪಾಯಿ ಅಂತ ಇಟ್ಟುಕೊಳ್ಳೋಣ. ಮೂರೂವರೆ ಮೀಟರಿಗೆ 280 ರೂಪಾಯಿ. ಹೊಲಿಗೆ ಕೂಲಿ ಬೇರೆ. ಲೆಕ್ಕ ಮಾಡಿಕೊಂಡು ಅಂಗಡಿಗೆ ಹೋದರೆ ಹೆಚ್ಚು ಬಟ್ಟೆ ಕೊಂಡು ದುಡ್ಡು ಕಳೆಯುವುದಿಲ್ಲ. ಕಡಿಮೆ ಕೊಂಡು ಎರಡನೇ ಸಲ ಬಸ್ ಚಾರ್ಜು ಕೊಡುವುದೂ ಇಲ್ಲ.

ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದೆಲ್ಲ ಮೊದಲೇ ಕುಗ್ಗುತ್ತದೆ. ಬಣ್ಣ ಬಿಡುತ್ತದೆಯೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಹಳೇ ಸೀರೆಯಿಂದ ಪರದೆ

ಲೆಕ್ಕ ಕೇಳಿ ಅಕ್ಕನ ಮುಖ ಸಪ್ಪಗಾಯಿತು. ಸಂತೆಯಲ್ಲಿ ಆಗಲೇ ಒಂದು ಸಲ ದುಡ್ಡು ಕೊಟ್ಟಾಗಿತ್ತು. ಆಗ ಅತ್ತೆ ಒಳಗೆ ಹೋದರು. ಪೆಟ್ಟಿಗೆಯಿಂದ ಒಂದು ಹತ್ತಿ ಸೀರೆ ತಂದರು. "ಇದು ಸಾಕಾ ನೋಡು. ಸೆರಗು ಮಾತ್ರ ಹರಿದಿದೆ" ಅಂದರು.

ಮಗಳು ಸೀರೆ ಅಳೆದಳು. ಉದ್ದ ಐದೂವರೆ ಮೀಟರ್. ಅಂದರೆ 550 ಸೆಂಟಿಮೀಟರ್. ಪನ್ನ 115 ಸೆಂಟಿಮೀಟರ್. ಹರಿದ ಸೆರಗಿನ 50 ಸೆಂಟಿಮೀಟರ್ ಕತ್ತರಿಸಿ ತೆಗೆದರು. 500 ಸೆಂಟಿಮೀಟರ್ ಉಳಿಯಿತು. ಎಷ್ಟೋ ಸಲ ಒಗೆದ ಸೀರೆ. ಇನ್ನು ಕುಗ್ಗುವುದಿಲ್ಲ. ಹಾಗಾಗಿ ಒಂದು ತುಂಡಿಗೆ 165 ಸೆಂಟಿಮೀಟರ್ ಸಾಕು.

3 × 165 = 495 ಸೆಂಟಿಮೀಟರ್.

ಒಂದೇ ಸೀರೆಯಲ್ಲಿ ಮೂರು ತುಂಡು! ಎರಡು ತುಂಡು ಕಿಟಕಿಗೆ ಆಯಿತು. ಮೂರನೆಯದನ್ನು ಬಚ್ಚಲ ಮರೆಗೆ ಇಟ್ಟುಕೊಂಡರು. ಸೀರೆಯ ಎರಡು ಕಡೆಯ ಅಂಚು ಪರದೆಗೂ ಅಂಚಾಗಿ ಚೆಂದ ಕಂಡಿತು.

ಯಾವ ಬಟ್ಟೆ ಒಳ್ಳೆಯದು?

ಹತ್ತಿ ಬಟ್ಟೆಯಲ್ಲಿ ಗಾಳಿ ಆಡುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಕುಗ್ಗುವುದಿಲ್ಲ. ಆದರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ.

ಬಿಸಿಲು ಬೀಳುವ ಕಿಟಕಿಗೆ ತಿಳಿ ಬಣ್ಣ ಒಳ್ಳೆಯದು. ತಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಕಡು ಬಣ್ಣ ಬಿಸಿಲನ್ನು ಹೀರಿ ಕಾಯುತ್ತದೆ. ಬೇಗ ಬಣ್ಣವೂ ಕಳೆಯುತ್ತದೆ.

ಒಂದು ಗುಟ್ಟು ತಿಳಿದಿರಲಿ. ತೆಳು ಬಟ್ಟೆ ಹಗಲು ಮರೆ ಕೊಡುತ್ತದೆ. ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಹಾಗಾಗಿ ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ದೀಪ ಹಾಕಿದರೆ ತಿರುಗುಮುರುಗು. ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಅದಕ್ಕೇ ಪರದೆ ಕಟ್ಟಿದ ದಿನ ರಾತ್ರಿ ದೀಪ ಹಾಕಿ. ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿ. ಕಾಣುತ್ತಿದ್ದರೆ ಹಿಂದೆ ಇನ್ನೊಂದು ಬಟ್ಟೆ ಕೊಟ್ಟು ಹೊಲಿಯಿರಿ.

ಗೊಬ್ಬರದ ಚೀಲ, ಕೀಟನಾಶಕ ಬಂದ ಚೀಲ ಬಿಚ್ಚಿ ಕಿಟಕಿಗೆ ಕಟ್ಟುವವರು ಇದ್ದಾರೆ. ಇದು ಬೇಡ. ಅದರಲ್ಲಿ ವಿಷದ ಪುಡಿ ಉಳಿದಿರಬಹುದು. ಮಕ್ಕಳು ಮುಟ್ಟುತ್ತಾರೆ, ಬಾಯಿಗೆ ಇಡುತ್ತಾರೆ. ಗಾಳಿಯೂ ಆಡುವುದಿಲ್ಲ.

ಬಿದಿರಿನ ಪರದೆ

ಜಗಲಿಗೆ, ಪಡುವಣ ಕಿಟಕಿಗೆ ಬಿದಿರು ಕಡ್ಡಿಯ ಪರದೆ ಬಲು ಒಳ್ಳೆಯದು. ಕಡ್ಡಿಗಳನ್ನು ದಾರದಲ್ಲಿ ನೇಯ್ದಿರುತ್ತಾರೆ. ಬೇಕಾದಾಗ ಸುತ್ತಿ ಮೇಲೆ ಕಟ್ಟಬಹುದು. ಬೇಡವಾದಾಗ ಇಳಿಬಿಡಬಹುದು. ಇದನ್ನು ಕಿಟಕಿಯ ಹೊರಗಡೆ ಕಟ್ಟಬೇಕು. ಆಗ ಬಿಸಿಲು ಗೋಡೆ, ಕಿಟಕಿಗೆ ಬೀಳುವ ಮೊದಲೇ ತಡೆಯುತ್ತದೆ. ಕೋಣೆ ತಂಪಾಗಿರುತ್ತದೆ. ಕಡ್ಡಿಯ ಸಂದಿಯಲ್ಲಿ ಗಾಳಿ ಬರುತ್ತದೆ. ಮುಂಗಾರಿನಲ್ಲಿ ಎರಚಲನ್ನೂ ಸ್ವಲ್ಪ ತಡೆಯುತ್ತದೆ.

ನಮ್ಮ ಕಡೆ ಮೇದರು ಬಿದಿರಿನ ಬುಟ್ಟಿ, ಮೊರ, ತಟ್ಟಿ ಹೆಣೆಯುತ್ತಾರೆ. ಅಳತೆ ಬರೆದು ಕೊಟ್ಟು ಅವರಲ್ಲಿ ವಿಚಾರಿಸಿ. ಊರಿನ ಕೈಗೆ ಕೆಲಸ, ನಮ್ಮ ಮನೆಗೆ ನೆರಳು. ಎಳೆ ಬಿದಿರಿಗೆ ಬೇಗ ಹುಳು ಬೀಳುತ್ತದೆ. ಬಲಿತ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ಒಣಗಿಸಿದರೆ ಹುಳು ಕಡಿಮೆ.

ಬಾಗಿಲ ಪರದೆಯೂ ಉಪಯೋಗದ್ದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋದವರು ನೋಡಿರಬಹುದು. ಟಿಬೆಟ್‌ನಿಂದ ಬಂದ ಜನ 1960ರ ದಶಕದಲ್ಲಿ ಅಲ್ಲಿ ನೆಲೆಸಿದರು. ಅವರ ಮನೆ, ದೇವಸ್ಥಾನದ ಬಾಗಿಲಿಗೆ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟಿರುತ್ತಾರೆ. ಅದರ ಮೇಲೆ ಗಂಟಿನ ಚಿತ್ತಾರ ಇರುತ್ತದೆ. ಬಾಗಿಲು ತೆರೆದೇ ಇರುತ್ತದೆ, ಮರೆಯೂ ಇರುತ್ತದೆ. ಒಳಕೋಣೆಗೆ ಬಾಗಿಲು ಹಾಕಿಸಲು ದುಡ್ಡು ಸಾಲದಿದ್ದರೆ ನಾವೂ ಹೀಗೆ ಮಾಡಬಹುದು.

ಕಟ್ಟುವುದು ಹೇಗೆ?

ಸರಳು ಕಟ್ಟಲು ಎರಡು ದಾರಿ ಇವೆ.

ಒಂದು, ಸ್ಪ್ರಿಂಗ್ ತಂತಿ. ಇದು ಅಗ್ಗ. ಮರದ ಚೌಕಟ್ಟಿನ ಎರಡು ಕಡೆ ಕೊಕ್ಕೆ ತಿರುಗಿಸಿ ತಂತಿ ಸಿಕ್ಕಿಸಬೇಕು. ತಂತಿ ಕಿಟಕಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಎಳೆದು ಸಿಕ್ಕಿಸಿದರೆ ಬಿಗಿಯಾಗಿ ನಿಲ್ಲುತ್ತದೆ. ಹಗುರ ಬಟ್ಟೆಗೆ ಇದು ಸಾಕು. ಭಾರದ ಬಟ್ಟೆ ಹಾಕಿದರೆ ನಡುವೆ ಜೋತು ಬೀಳುತ್ತದೆ.

ಎರಡು, ಕಬ್ಬಿಣದ ಅಥವಾ ಸ್ಟೀಲಿನ ಪೈಪು. ಇದಕ್ಕೆ ಗೋಡೆಯಲ್ಲಿ ಎರಡು ಹಿಡಿಕೆ ಬೇಕು. ಗೋಡೆಗೆ ಬರೀ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ತೂತು ಕೊರೆದು, ಅದರೊಳಗೆ ಪ್ಲಗ್ ಕೂರಿಸಿ, ಆಮೇಲೆ ಸ್ಕ್ರೂ ತಿರುಗಿಸಬೇಕು. ಎರಡು ಕಡೆಯೂ ಚೌಕಟ್ಟಿನಿಂದ ಮೇಲಕ್ಕೆ 10 ಸೆಂಟಿಮೀಟರ್ ಅಳೆದು ಪೆನ್ಸಿಲಿನಿಂದ ಗುರುತು ಮಾಡಿ. ಆಗ ಸರಳು ಓರೆ ಆಗುವುದಿಲ್ಲ.

ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ತೂತು ಕೊರೆಯಬೇಡಿ. ಗೋಡೆಯೊಳಗೆ ವೈರು ಇರುತ್ತದೆ. ಗೊತ್ತಿಲ್ಲದಿದ್ದರೆ ತಿಳಿದವರನ್ನು ಕರೆಸಿ.

ಕಿಟಕಿ ಬಾಗಿಲು ಒಳಗೆ ತೆರೆಯುತ್ತದೆಯೋ ಹೊರಗೆ ತೆರೆಯುತ್ತದೆಯೋ ನೋಡಿ. ಒಳಗೆ ತೆರೆಯುವುದಾದರೆ ಸರಳು ಬಾಗಿಲಿಗೆ ತಗುಲದಷ್ಟು ಮೇಲೆ ಇರಬೇಕು.

ಮೋಟು ಪರದೆ ಏನಾಯಿತು?

ಸಂತೆಯಿಂದ ತಂದ ಮೋಟು ಪರದೆಯನ್ನು ಎಸೆಯಲಿಲ್ಲ. ಮಗಳೇ ಒಂದು ಉಪಾಯ ಹೇಳಿದಳು. "ತಂತಿಯನ್ನೇ ಕೆಳಗೆ ಇಳಿಸೋಣ. ಅರ್ಧ ಪರದೆ ಮಾಡೋಣ."

ಹಜಾರದ ಕಿಟಕಿಯ ಕೆಳ ಅಂಚು ನೆಲದಿಂದ 90 ಸೆಂಟಿಮೀಟರ್ ಮೇಲಿದೆ. ಅಲ್ಲಿಂದ 85 ಸೆಂಟಿಮೀಟರ್ ಮೇಲೆ ತಂತಿ ಕಟ್ಟಿದರು.

90 + 85 = 175 ಸೆಂಟಿಮೀಟರ್.

ರಸ್ತೆಯಲ್ಲಿ ನಡೆದು ಹೋಗುವವರ ಕಣ್ಣು ಸಾಮಾನ್ಯವಾಗಿ ಇದಕ್ಕಿಂತ ಕೆಳಗೇ ಇರುತ್ತದೆ. ಹಾಗಾಗಿ ಒಳಗೆ ಕಾಣುವುದಿಲ್ಲ. ಪರದೆಯ ಮೇಲೆ 35 ಸೆಂಟಿಮೀಟರ್ ಬಯಲು ಉಳಿಯಿತು. ಅಲ್ಲಿಂದ ದಿನವೆಲ್ಲ ಬೆಳಕು, ಗಾಳಿ ಬರುತ್ತದೆ. ತಪ್ಪಿ ಆದ ಮೋಟು ಪರದೆಯೇ ಹಜಾರಕ್ಕೆ ಸರಿಯಾದ ಪರದೆ ಆಯಿತು.

ಎಚ್ಚರ! ಎಚ್ಚರ!

1. ಒಲೆಯ ಹತ್ತಿರ, ಗ್ಯಾಸ್ ಸ್ಟೌವ್ ಹತ್ತಿರ ಪರದೆ ಕಟ್ಟಬೇಡಿ. ದೇವರ ದೀಪದ ಹತ್ತಿರವೂ ಬೇಡ. ಗಾಳಿಗೆ ಬಟ್ಟೆ ಹಾರಿ ಬೆಂಕಿಗೆ ತಗುಲುತ್ತದೆ. ಅಡುಗೆ ಮನೆ ಕಿಟಕಿಗೆ ಜಾಲರಿ ಸಾಕು.

2. ಸುಟ್ಟ ಗಾಯ ಆದರೆ ತಣ್ಣೀರನ್ನು 20 ನಿಮಿಷ ಹರಿಯಬಿಡಿ. ಪೇಸ್ಟು, ಇಂಕು, ಎಣ್ಣೆ ಹಚ್ಚಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

3. ಸುತ್ತುವ ಪರದೆಗೆ ಹಗ್ಗ ಇರುತ್ತದೆ. ಹಗ್ಗ ಜೋತು ಬಿದ್ದಿದ್ದರೆ ಆಡುವ ಮಗುವಿನ ಕುತ್ತಿಗೆಗೆ ಸಿಕ್ಕಿಕೊಳ್ಳಬಹುದು. ಹೀಗೆ ಮಕ್ಕಳು ಸತ್ತಿರುವುದೂ ಉಂಟು. ಹಗ್ಗವನ್ನು ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ಮೊಳೆಗೆ ಸುತ್ತಿ ಕಟ್ಟಿ. ಅದರ ಹತ್ತಿರ ತೊಟ್ಟಿಲು, ಮಂಚ ಇಡಬೇಡಿ.

4. ಕಿಟಕಿ ಪರದೆ ಸೊಳ್ಳೆಯನ್ನು ತಡೆಯುವುದಿಲ್ಲ. ಡೆಂಗಿ ಜ್ವರ ತರುವ ಸೊಳ್ಳೆ ಹಗಲು ಕಚ್ಚುತ್ತದೆ. ಕಿಟಕಿಗೆ ಜಾಲರಿ ಹೊಡೆಸಿ. ಮಲಗುವಾಗ ಸೊಳ್ಳೆ ಪರದೆ ಕಟ್ಟಿಕೊಳ್ಳಿ.

5. ಪರದೆಯಲ್ಲಿ ಧೂಳು ಕೂರುತ್ತದೆ. ರಸ್ತೆ ಪಕ್ಕದ ಮನೆಗೆ, ಹೊಗೆಸೊಪ್ಪಿನ ಬ್ಯಾರನ್ ಹತ್ತಿರದ ಮನೆಗೆ ಧೂಳು, ಮಸಿ ಇನ್ನೂ ಹೆಚ್ಚು. ತಿಂಗಳಿಗೆ ಒಂದು ಸಲವಾದರೂ ಒಗೆದು ಬಿಸಿಲಿಗೆ ಒಣಗಿಸಿ.

ತೆರೆದ ಕಿಟಕಿ

ತಿಂಗಳಾದ ಮೇಲೆ ಮತ್ತೆ ಅಕ್ಕನ ಮನೆಗೆ ಹೋದೆ. ಕಿಟಕಿ ತೆರೆದಿತ್ತು. ಪರದೆ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಮಗಳು ಕಿಟಕಿಯ ಬೆಳಕಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಬಲ್ಬು ಆರಿತ್ತು. ಅತ್ತೆ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಕೆಮ್ಮು ಹೇಗಿದೆ ಅಜ್ಜಿ?" ಅಂತ ಕೇಳಿದೆ.

"ಇದೆ ಕಣವ್ವ. ಆದ್ರೆ ಹೊಗೆ ಈಗ ಒಳಗೆ ನಿಲ್ಲಲ್ಲ. ಉಸಿರಾಡೋಕೆ ಸಲೀಸು" ಅಂದರು. ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಹೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಯಜಮಾನರು ಮಾರನೇ ದಿನವೇ ಅವರನ್ನು ಕರೆದುಕೊಂಡು ಹೋದರು.

ಹೊರಡುವಾಗ ಯಜಮಾನರು ಜೇಬಿನಿಂದ ಒಂದು ಹೊಸ ಟೇಪು ತೆಗೆದು ತೋರಿಸಿದರು. "ನಮ್ಮ ತಮ್ಮನೂ ಮನೆ ಕಟ್ಟಿಸ್ತಾ ಅವ್ನೆ ಟೀಚರಮ್ಮ. ಗೇಣು ಹಾಕಬೇಡ ಕಣೋ ಅಂತ ಹೇಳಿದ್ದೀನಿ" ಅಂದರು.

ಅಕ್ಕ ನಕ್ಕರು. ಅವರು ಪಾಠ ತಪ್ಪಿಸುವುದೂ ನಿಂತಿದೆ.

ನೆನಪಿಡಿ

ಮೊದಲು ಅಳತೆ, ಆಮೇಲೆ ಖರೀದಿ.
ಗೇಣು ಬೇರೆ ಬೇರೆ, ಮೀಟರ್ ಒಂದೇ.
ಮರೆಗೆ ಪರದೆ ಹಾಕಿ, ಗಾಳಿಗೆ ಕಿಟಕಿ ತೆರೆಯಿರಿ.

ಲೆಕ್ಕ ಮಾಡಿ

1. ಒಂದು ಕಿಟಕಿಯ ಅಗಲ 60 ಸೆಂಟಿಮೀಟರ್. ಎರಡು ಕಡೆ 15 ಸೆಂಟಿಮೀಟರ್ ಸೇರಿಸಿದರೆ ಸರಳಿನ ಉದ್ದ ಎಷ್ಟು?
2. ಅದೇ ಕಿಟಕಿಯ ಎತ್ತರ 90 ಸೆಂಟಿಮೀಟರ್. ಮೇಲೆ 10, ಕೆಳಗೆ 15, ಎರಡು ಮಡಿಕೆಗೆ 20 ಸೇರಿಸಿ. ಒಂದು ತುಂಡಿನ ಉದ್ದ ಎಷ್ಟು?
3. ಐದೂವರೆ ಮೀಟರ್ ಸೀರೆಯಲ್ಲಿ ಅಂಥ ಎಷ್ಟು ತುಂಡು ಬರುತ್ತವೆ? ಎಷ್ಟು ಸೆಂಟಿಮೀಟರ್ ಉಳಿಯುತ್ತದೆ?

ಉತ್ತರ: 1. 120 ಅಲ್ಲ, 90 ಸೆಂಟಿಮೀಟರ್. 2. 135 ಸೆಂಟಿಮೀಟರ್. 3. 4 ತುಂಡು, 10 ಸೆಂಟಿಮೀಟರ್ ಉಳಿಯುತ್ತದೆ.

ಮಾಡಿ ನೋಡಿ

ನಿಮ್ಮ ಗೇಣನ್ನು ಟೇಪಿನಲ್ಲಿ ಅಳೆಯಿರಿ. ಪಕ್ಕದಲ್ಲಿ ಕೂತವರ ಗೇಣನ್ನೂ ಅಳೆಯಿರಿ. ಎರಡನ್ನೂ ಬರೆಯಿರಿ. ಮನೆಗೆ ಹೋಗಿ ಒಂದು ಕಿಟಕಿ ಅಳೆದು, ಅಗಲ ಮತ್ತು ಎತ್ತರ ಬರೆದು ತನ್ನಿ.

ಚರ್ಚೆ ಮಾಡಿ

ನಿಮ್ಮ ಮನೆಯಲ್ಲಿ ಹಗಲು ಮುಚ್ಚಿಟ್ಟ ಕಿಟಕಿ ಇದೆಯೇ? ಯಾಕೆ ಮುಚ್ಚಿದ್ದೀರಿ? ಅದನ್ನು ತೆರೆಯಲು ಏನು ಮಾಡಬಹುದು?